ಮದರ್‌ಬೋರ್ಡಿಗೆ ಇನ್ನೂ ಜೀವ ಇದೆ ಸ್ವಾಮೀ...

"ಎಂಟು ವರ್ಷ ಆಯ್ತಲ್ಲ ಸಾರ್, ಬಿಸಾಕಿ ಹೊಸದು ತಗೊಳ್ಳಿ." ಹಳೇ ಡೆಸ್ಕ್‌ಟಾಪ್ ಇಟ್ಟುಕೊಂಡಿರೋರೆಲ್ಲ ಈ ಮಾತನ್ನ ಒಂದಲ್ಲ ಒಂದು ಸಲ ಕೇಳಿರ್ತೀರಿ. ಅಂಗಡಿಯವರು ಹೇಳ್ತಾರೆ, ಆಫೀಸಿನ ಗೆಳೆಯರು ಹೇಳ್ತಾರೆ, ಈಗೀಗ ವಿಂಡೋಸ್ಸೇ ಪರದೆ ಮೇಲೆ ಬಂದು ಹೇಳುತ್ತೆ. ನನಗಂತೂ ಈ ಮಾತು ಕೇಳಿದ್ರೆ ಮೈ ಉರಿಯುತ್ತೆ. ಯಾಕೆ ಅಂತ ಸ್ವಲ್ಪ ವಿವರವಾಗೇ ಬರೀತೀನಿ, ಸಮಾಧಾನವಾಗಿ ಓದಿ.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಸರಿ, 11ಕ್ಕೆ ಹೋಗೋಣ ಅಂದ್ರೆ ಅದಕ್ಕೊಂದು ಪಟ್ಟಿ. ಇಂಟೆಲ್ ಆದ್ರೆ ಎಂಟನೇ ತಲೆಮಾರಿನಿಂದ ಈಚೆಗಿನದು ಬೇಕು, ಎಎಂಡಿ ಆದ್ರೆ ರೈಝೆನ್ 2000ದಿಂದ ಈಚೆಗಿನದು. ಅಂದ್ರೆ 2017ರಲ್ಲಿ ದುಡ್ಡು ಸುರಿದು ಮೊದಲ ತಲೆಮಾರಿನ ರೈಝೆನ್ ತಗೊಂಡವರು ಹೊರಗೆ! ಆ ಯಂತ್ರ ಕೆಟ್ಟಿಲ್ಲ, ಹೊಗೆ ಬಂದಿಲ್ಲ, ಆರು ಕೋರ್‌ಗಳೂ ಗಟ್ಟಿಮುಟ್ಟಾಗಿವೆ. ಪಟ್ಟಿಯಲ್ಲಿ ಹೆಸರಿಲ್ಲ, ಅಷ್ಟೆ.

ಇಂಥ ಹೊತ್ತಿನಲ್ಲಿ ಇಡೀ ಗಣಕವನ್ನ ಎಸೆಯೋದು ನಾಲ್ಕು ಹೆಂಚು ಒಡೆದವು ಅಂತ ಮನೆ ಕೆಡವಿದ ಹಾಗೆ. ಡೆಸ್ಕ್‌ಟಾಪ್ ಅನ್ನೋದರ ಅರ್ಥವೇ ಬಿಡಿಭಾಗ ಬದಲಾಯಿಸಬಹುದು ಅನ್ನೋದು. ಕ್ಯಾಬಿನೆಟ್ಟು, ಪವರ್ ಸಪ್ಲೈ, ರ‍್ಯಾಮು, ಮಾನಿಟರು ಎಲ್ಲಾ ಇದ್ದಲ್ಲೇ ಇರಲಿ, ಪ್ರೊಸೆಸರ್ ಒಂದನ್ನ ಮಾತ್ರ ಬದಲಾಯಿಸಿ ಅಂತೀನಿ ನಾನು.

ಆದ್ರೆ ಈ ಸ್ವಾತಂತ್ರ್ಯ ಇರೋದು ಸಾಕೆಟ್‌ನಲ್ಲಿ. ಸಾಕೆಟ್ ಯಾರ ಕೈಲಿದೆ ಅಂತ ತಿಳ್ಕೊಳ್ಳೋಕೆ ಎರಡು ಕಥೆ ಕೇಳಿ.

ಮೊದಲನೆಯದು ಇಂಟೆಲ್‌ದು. 2015ರ ಸ್ಕೈಲೇಕ್, 2017ರ ಶುರುವಿನಲ್ಲಿ ಬಂದ ಕೇಬಿಲೇಕ್ ಎರಡಕ್ಕೂ ಸಾಕೆಟ್ ಎಲ್‌ಜಿಎ 1151. ಅದೇ 2017ರ ಅಕ್ಟೋಬರ್‌ನಲ್ಲಿ ಎಂಟನೇ ತಲೆಮಾರಿನ ಕಾಫಿಲೇಕ್ ಬಂತು. ಸಾಕೆಟ್ ಹೆಸರು ಅದೇ 1151, ಆದ್ರೆ ಹಳೇ ಬೋರ್ಡಿನಲ್ಲಿ ನಡೆಯಲ್ಲ, 300 ಸರಣಿಯ ಹೊಸ ಬೋರ್ಡೇ ಬೇಕು ಅಂದ್ರು. ವಿದ್ಯುತ್ ಪೂರೈಕೆಯ ಕಾರಣ ಕೊಟ್ರು. ಬಯಾಸ್ ತಿದ್ದಿ ಹಳೇ ಬೋರ್ಡಿನಲ್ಲೇ ಅದನ್ನ ಓಡಿಸಿ ತೋರಿಸಿದ ಉತ್ಸಾಹಿಗಳೂ ಇದ್ದರು ಅನ್ನೋದು ಬೇರೆ ಮಾತು :)

ಎರಡನೆಯದು ಎಎಂಡಿಯದು. ರೈಝೆನ್ 2017ರಲ್ಲಿ ಎಎಂ4 ಸಾಕೆಟ್‌ನಲ್ಲಿ ಬಂತು. 2020ರ ಮೇ ತಿಂಗಳಲ್ಲಿ, ಮುಂದೆ ಬರೋ 5000 ಸರಣಿ 500 ಸರಣಿಯ ಬೋರ್ಡುಗಳಿಗೆ ಮಾತ್ರ ಅಂತ ಕಂಪನಿ ಹೇಳ್ತು. ಬಯಾಸ್ ಚಿಪ್‌ನ 16 ಎಂಬಿ ಜಾಗದಲ್ಲಿ ಎಲ್ಲಾ ಪ್ರೊಸೆಸರ್‌ಗಳ ಮಾಹಿತಿ ಹಿಡಿಸಲ್ಲ ಅನ್ನೋದು ಅವರ ವಾದ. ಬಳಕೆದಾರರು ಸುಮ್ಮನಿರಲಿಲ್ಲ, ಜೋರಾಗಿ ಕೂಗಾಡಿದರು. ಅದೇ ತಿಂಗಳಲ್ಲಿ ಕಂಪನಿ ಮಾತು ಬದಲಿಸಿ 400 ಸರಣಿಗೂ ಬೆಂಬಲ ಕೊಡ್ತೀವಿ ಅಂತು. 2022ರಲ್ಲಿ 300 ಸರಣಿಯ ಬೋರ್ಡುಗಳಿಗೂ ಹಾದಿ ತೆರೀತು. ಆಗಲ್ಲ ಅಂದಿದ್ದು ಎರಡು ವರ್ಷದಲ್ಲಿ ಆಯ್ತು! "ತಾಂತ್ರಿಕವಾಗಿ ಸಾಧ್ಯವಿಲ್ಲ" ಅನ್ನೋ ಮಾತು ಕೇಳಿದಾಗೆಲ್ಲ ನನಗೆ ಈ ಕಥೆ ನೆನಪಾಗುತ್ತೆ.

ನನ್ನದು 2017ರ ಬಿ350 ಬೋರ್ಡು, ಅದರಲ್ಲಿ ರೈಝೆನ್ 5 1600. ಅದನ್ನ ತೆಗೆದು ರೈಝೆನ್ 5 5600 ಹಾಕಿದೆ. ಎರಡರಲ್ಲೂ ಆರು ಕೋರ್, ಹನ್ನೆರಡು ಥ್ರೆಡ್, ಎರಡೂ 65 ವ್ಯಾಟಿನವು. ಗರಿಷ್ಠ ವೇಗ 3.6 ಗಿಗಾಹರ್ಟ್ಸ್‌ನಿಂದ 4.4ಕ್ಕೆ ಏರಿತು. ಅದಕ್ಕಿಂತ ಮುಖ್ಯವಾಗಿ, ಒಂದೇ ಗಡಿಯಾರದ ಏಟಿಗೆ ಹೊಸದು ಹೆಚ್ಚು ಕೆಲಸ ಮಾಡುತ್ತೆ. ಮಗಳು ಕಾಲೇಜಿಗೆ ಮಾಡೋ ವಿಡಿಯೋ ಎಡಿಟಿಂಗು ಈಗ ಸರಾಗ. ವಿಂಡೋಸ್ 11 ತಕರಾರಿಲ್ಲದೆ ಕೂತಿತು. ಡಿಡಿಆರ್4 ರ‍್ಯಾಮು ಹಳೇದೇ. ಎಐ ಡೇಟಾ ಸೆಂಟರ್‌ಗಳ ದೆಸೆಯಿಂದ 2025ರ ಕೊನೆಯಲ್ಲಿ ರ‍್ಯಾಮಿನ ಬೆಲೆ ಹೇಗೆ ಗಗನಕ್ಕೇರಿತು ಅಂತ ನೋಡಿದವರಿಗೆ, ಇದ್ದ ರ‍್ಯಾಮನ್ನೇ ಉಳಿಸಿಕೊಳ್ಳೋದರ ಬೆಲೆ ಗೊತ್ತಾಗುತ್ತೆ. ತೆಗೆದ 1600 ಏನಾಯ್ತು ಅಂತೀರಾ? ಎರಡೇ ಕೋರಿನ ಅಥ್ಲಾನ್ ಜೊತೆ ಒದ್ದಾಡ್ತಿದ್ದ ಅಕ್ಕನ ಮಗನ ಬೋರ್ಡಿಗೆ ಹೋಯ್ತು. ಗ್ರಾಫಿಕ್ಸ್ ಕಾರ್ಡ್ ಅವನ ಹತ್ರ ಇತ್ತು, ಲಿನಕ್ಸ್ ಹಾಕ್ಕೊಂಡು ಖುಷಿಯಾಗಿದ್ದಾನೆ.

ಹಾಗಂತ ಎಲ್ಲರೂ ಎಸ್.ಪಿ. ರಸ್ತೆಗೆ ಓಡಿ ಪ್ರೊಸೆಸರ್ ತನ್ನಿ ಅಂತ ನಾನು ಹೇಳ್ತಿಲ್ಲ. ಮೊದಲು ರೋಗ ಯಾವುದು ಅಂತ ನೋಡಿ, ಆಮೇಲೆ ಮದ್ದು. ಟಾಸ್ಕ್ ಮ್ಯಾನೇಜರ್ ತೆಗೆದಾಗ ಡಿಸ್ಕ್ 100 ಅಂತ ತೋರಿಸ್ತಿದ್ರೆ ಪ್ರೊಸೆಸರ್ ಪಾಪದ್ದು, ಅದರ ಮೇಲೆ ಅಪವಾದ ಹಾಕಬೇಡಿ. ತಿರುಗೋ ಹಾರ್ಡ್‌ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿ, ಅರ್ಧ ಕಾಯಿಲೆ ವಾಸಿ. ರ‍್ಯಾಮ್ ನಾಲ್ಕೇ ಜಿಬಿ ಇದ್ರೆ ಎಂಟಕ್ಕೆ ಏರಿಸಿ. ನಮ್ಮ ನಿಮ್ಮಂಥವರು ಕನ್ನಡದಲ್ಲಿ ಟೈಪಿಸಿ ಬ್ಲಾಗಿಗೆ ಹಾಕೋಕೆ ಆರು ಕೋರ್ ಬೇಕಾಗಿಲ್ಲ ಬಿಡಿ. ಪೆಂಟಿಯಂ 4ರಲ್ಲಿ, ಎಕ್ಸ್‌ಪಿ ಹಾಕ್ಕೊಂಡು, ತುಂಗಾ ಫಾಂಟಿನಲ್ಲಿ ಅಕ್ಷರ ಮೂಡಿಸಿದವರು ನಾವು!

ಇನ್ನು ಏಳನೇ ತಲೆಮಾರಿನ ಇಂಟೆಲ್ ಡೆಸ್ಕ್‌ಟಾಪ್ ಇರೋರು ಒಂದ್ನಿಮಿಷ ನಿಲ್ಲಿ. ಆ ಬೋರ್ಡಿಗೆ ಹಾಕಬಹುದಾದ ಐ7 7700 ಕೂಡ ವಿಂಡೋಸ್ 11ರ ಪಟ್ಟಿಯಲ್ಲಿಲ್ಲ. ಅದಕ್ಕೋಸ್ಕರ ಪ್ರೊಸೆಸರ್‌ಗೆ ದುಡ್ಡು ಹಾಕೋದು ಹೊಳೆಯಲ್ಲಿ ಹುಣಸೇಹಣ್ಣು ತೊಳೆದ ಹಾಗೆ. ಎಸ್‌ಎಸ್‌ಡಿ ಹಾಕಿ, ಲಿನಕ್ಸ್ ಹಾಕಿ. ಕಗಪ ಕೀಲಿಮಣೆ ಅದರಲ್ಲೇ ಇದೆ, ಕನ್ನಡ ಬರೆಯೋಕೆ ಏನೂ ತೊಂದರೆ ಇಲ್ಲ.

ಬದಲಾಯಿಸಲೇಬೇಕು ಅಂತ ತೀರ್ಮಾನಿಸಿದವರಿಗೆ ನಾಲ್ಕು ಮಾತು. ಬೋರ್ಡ್ ತಯಾರಕರ ತಾಣದಲ್ಲಿ ನಿಮ್ಮ ಮಾದರಿಗೆ ಯಾವ್ಯಾವ ಪ್ರೊಸೆಸರ್ ಆಗುತ್ತೆ, ಯಾವ ಬಯಾಸ್ ಬೇಕು ಅಂತ ಪಟ್ಟಿ ಇರುತ್ತೆ, ಮೊದಲು ಅದನ್ನ ಓದಿ. ಹಳೇ ಪ್ರೊಸೆಸರ್ ಇರುವಾಗಲೇ ಬಯಾಸ್ ಅಪ್‌ಡೇಟ್ ಮಾಡಿ. ಹೊಸದನ್ನ ಹಾಕಿ ಆಮೇಲೆ ಮಾಡೋಣ ಅಂದ್ರೆ ಗಣಕ ಏಳೋದೇ ಇಲ್ಲ. ಅಪ್‌ಡೇಟ್ ಮಧ್ಯದಲ್ಲಿ ಕರೆಂಟ್ ಹೋದ್ರೆ ಬೋರ್ಡು ಕೈಲಾಸ ಸೇರಬಹುದು, ಹಾಗಾಗಿ ಯುಪಿಎಸ್ ಇರಲಿ. ಬಿಟ್‌ಲಾಕರ್ ಹಾಕಿದ್ರೆ ಅದರ ರಿಕವರಿ ಕೀ ಬರೆದಿಟ್ಕೊಳ್ಳಿ. 5600ರ ಒಳಗೆ ಗ್ರಾಫಿಕ್ಸ್ ಇಲ್ಲ, ಬೇರೆ ಕಾರ್ಡ್ ಇಲ್ಲದವರು 5600ಜಿ ನೋಡಿ. ಎಎಂ4ನಲ್ಲಿ 1331 ಪಿನ್‌ಗಳಿರೋದು ಪ್ರೊಸೆಸರ್‌ನ ಹೊಟ್ಟೆಯಡಿಯಲ್ಲೇ. ಕೂಲರ್ ಎಳೆದ್ರೆ ಒಣಗಿದ ಪೇಸ್ಟಿಗೆ ಅಂಟಿಕೊಂಡು ಪ್ರೊಸೆಸರ್ರೂ ಕಿತ್ತು ಬರುತ್ತೆ, ಪಿನ್ ಸೊಟ್ಟಗಾಗುತ್ತೆ. ಸ್ವಲ್ಪ ಹೊತ್ತು ಗಣಕ ಓಡಿಸಿ ಬೆಚ್ಚಗೆ ಮಾಡಿ, ಆಫ್ ಮಾಡಿ ಪ್ಲಗ್ ತೆಗೆದು, ಕೂಲರನ್ನ ಮೆಲ್ಲಗೆ ಅತ್ತಿತ್ತ ತಿರುಗಿಸಿ ತೆಗೀರಿ. ಹೊಸ ಪೇಸ್ಟು ಬಟಾಣಿ ಕಾಳಿನಷ್ಟು ಸಾಕು, ದೋಸೆಗೆ ಬೆಣ್ಣೆ ಮೆತ್ತಿದ ಹಾಗೆ ಬೇಡ :)

ಇದೆಲ್ಲ ಬರೀ ದುಡ್ಡು ಉಳಿಸೋ ಮಾತಲ್ಲ. ನಮ್ಮ ದೇಶದಲ್ಲಿ 2022ರ ಇ-ತ್ಯಾಜ್ಯ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿವೆ, ತಯಾರಕರೇ ಮರುಬಳಕೆಯ ಹೊಣೆ ಹೊರಬೇಕು ಅನ್ನುತ್ತವೆ. ಒಳ್ಳೇದೇ. ಆದ್ರೆ ಕಸವಾದ ಮೇಲೆ ಅದನ್ನ ಏನು ಮಾಡೋದು ಅನ್ನೋದಕ್ಕಿಂತ, ಚೆನ್ನಾಗಿರೋ ವಸ್ತು ಯಾಕೆ ಕಸವಾಗಬೇಕು ಅನ್ನೋದು ಮೊದಲ ಪ್ರಶ್ನೆ ಅಲ್ವಾ? ಪಟ್ಟಿ ಮಾಡುವವರು ಎಲ್ಲೋ ದೂರದಲ್ಲಿ ಕೂತು ಒಂದು ಗೆರೆ ಎಳೀತಾರೆ. ಗೆರೆಯ ಈಚೆ ಬಿದ್ದ ಯಂತ್ರ, ಸಾಲ ಮಾಡಿ ಮಕ್ಕಳ ಓದಿಗೆ ಅಂತ ತಂದವರ ಮನೆಯದೂ ಆಗಿರಬಹುದು. ಲ್ಯಾಪ್‌ಟಾಪ್‌ಗಳಲ್ಲಂತೂ ಪ್ರೊಸೆಸರನ್ನ ಬೋರ್ಡಿಗೇ ಬೆಸುಗೆ ಹಾಕಿಬಿಡೋದು ಮಾಮೂಲಾಗಿದೆ. ಡೆಸ್ಕ್‌ಟಾಪ್‌ನಲ್ಲಿ ಉಳಿದಿರೋ ಆ ಒಂದು ಚದರ ಸಾಕೆಟ್ಟನ್ನೂ ನಾವು ಬಳಸದೇ ಹೋದ್ರೆ, ನಾಳೆ ಅದನ್ನೂ ತೆಗೆದು "ಯಾರೂ ಕೇಳ್ತಿರಲಿಲ್ಲ" ಅಂತಾರೆ.

2020ರಲ್ಲಿ ಬಳಕೆದಾರರು ಕೂಗಿದ್ದಕ್ಕೇ ಕಂಪನಿ ಬಗ್ಗಿತು. ಹಾಗಾಗಿ ಹೊಸ ಬೋರ್ಡ್ ಕೊಳ್ಳುವಾಗ "ಈ ಸಾಕೆಟ್ಟಿಗೆ ಇನ್ನೆಷ್ಟು ವರ್ಷ ಪ್ರೊಸೆಸರ್ ಬರುತ್ತೆ?" ಅಂತ ಕೇಳೋ ಅಭ್ಯಾಸ ಮಾಡ್ಕೊಳ್ಳೋಣ. ಆ ಪ್ರಶ್ನೆಗೆ ಉತ್ತರ ಕೊಡದ ಬೋರ್ಡಿಗೆ ದುಡ್ಡು ಕೊಡೋದು ಬೇಡ.

ನಿಮ್ಮ ಮನೇಲಿ ಇನ್ನೂ ಓಡ್ತಿರೋ ಅತಿ ಹಳೇ ಗಣಕ ಯಾವುದು? ಅದರ ಹೊಟ್ಟೆಯೊಳಗೆ ಏನಿದೆ? ಬರೀರಿ, ಓದೋಕೆ ಕಾಯ್ತಿರ್ತೀನಿ.