ಹಳೆಯ ಎಸ್‌ಯುವಿ ಖರೀದಿ: ಮೈಲೇಜು ಕೇಳುವ ಮುನ್ನ

ಅಡಿಕೆ ಕೊಯ್ಲು ಮುಗಿದು ಹಣ ಕೈಸೇರುವ ತಿಂಗಳುಗಳಲ್ಲಿ ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿಯ ವರ್ತಕರ ಮನೆಗಳಲ್ಲಿ ದೊಡ್ಡ ಕಾರಿನ ಮಾತು ಆರಂಭವಾಗುತ್ತದೆ. ಹೊಸದರ ಬೆಲೆ ಕೈಗೆಟುಕದು. ಆದ್ದರಿಂದ ಬಳಸಿದ ವಾಹನವೇ ಆಗಲಿ ಎಂಬ ತೀರ್ಮಾನಕ್ಕೆ ಬರುತ್ತಾರೆ. ಇನ್ನೋವಾವೋ ಸ್ಕಾರ್ಪಿಯೋವೋ, ಬೊಲೆರೋ ಸಾಕೋ ಎಕ್ಸ್‌ಯುವಿ ಬೇಕೋ ಎಂಬುದು ಮೊದಲ ಪ್ರಶ್ನೆ. ಮೈಲೇಜು ಎಷ್ಟು ಎಂಬುದು ಎರಡನೆಯದು. ವರ್ತಕನ ಹಣ ಸೋರಿಹೋಗುವುದು ಈ ಎರಡು ಪ್ರಶ್ನೆಗಳ ಆಚೆಗೆ ಎಂಬುದು ಮಾತ್ರ ಬಹುಮಂದಿಯ ಗಮನಕ್ಕೆ ಬಾರದು.

ಮಲೆನಾಡಿನ ಕುಟುಂಬ ಎತ್ತರದ, ಗಟ್ಟಿಮುಟ್ಟಾದ ವಾಹನವನ್ನು ಬಯಸುವುದನ್ನು ಆಡಂಬರ ಎಂದು ತಳ್ಳಿಹಾಕಲಾಗದು. ತೀರ್ಥಹಳ್ಳಿಯಿಂದ ಉಡುಪಿಗೆ ಇಳಿಯಬೇಕಾದರೆ ಆಗುಂಬೆಯ ತಿರುವುಗಳು, ಹೊಸನಗರದಿಂದ ಕುಂದಾಪುರಕ್ಕೆ ಹೋಗಬೇಕಾದರೆ ಹುಲಿಕಲ್ ಘಾಟಿ. ಮಳೆಗಾಲದಲ್ಲಿ ತೋಟದ ಮನೆಯ ಮಣ್ಣು ರಸ್ತೆಯಲ್ಲಿ ಸಣ್ಣ ಕಾರಿನ ತಳ ನೆಲಕ್ಕೆ ತಾಗುವುದು ಎಲ್ಲರ ಅನುಭವ. ಶರಾವತಿ ಹಿನ್ನೀರಿನ ಆಚೆಯವರಿಗಂತೂ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ 2025ರ ಜುಲೈ 14ರಂದು ಉದ್ಘಾಟನೆಯಾಗುವವರೆಗೆ ಲಾಂಚಿಗಾಗಿ ಕಾಯುವುದೇ ಪ್ರಯಾಣದ ಒಂದು ಭಾಗವಾಗಿತ್ತು. ಸೇತುವೆಯಿಂದ ದೂರ ಕಡಿಮೆಯಾಗಿದೆಯೇ ಹೊರತು ಏರು, ತಗ್ಗು, ಮಳೆ ಕಡಿಮೆಯಾಗಿಲ್ಲ. ಅವಶ್ಯಕತೆ ನಿಜವಾದದ್ದೇ. ಆ ಅವಶ್ಯಕತೆಗೆ ಎಷ್ಟು ದುಡಿಮೆ ಬಂಡವಾಳವನ್ನು ಕಟ್ಟಿಹಾಕಬೇಕು ಎಂಬುದೇ ವಿಚಾರಿಸಬೇಕಾದ ವಿಷಯ.

ಒಂದು ಉದಾಹರಣೆಯನ್ನು ತೆಗೆದುಕೊಳ್ಳಬಹುದು. ವರ್ತಕನೊಬ್ಬನು 10 ಲಕ್ಷ ರೂಪಾಯಿಯ ಹಳೆಯ ವಾಹನವನ್ನು ಓವರ್‌ಡ್ರಾಫ್ಟ್ ಖಾತೆಯ ಹಣದಿಂದ ಕೊಳ್ಳುತ್ತಾನೆ ಎನ್ನೋಣ. ಶೇ. 11ರ ಬಡ್ಡಿಯಂತೆ ವರ್ಷಕ್ಕೆ 1.10 ಲಕ್ಷ. ಐದು ವರ್ಷಗಳ ನಂತರ 5 ಲಕ್ಷಕ್ಕೆ ಮಾರಿದರೆ ಮೌಲ್ಯದ ಇಳಿಕೆ ವರ್ಷಕ್ಕೆ 1 ಲಕ್ಷ. ವಿಮೆ, ಟೈರು, ಸರ್ವಿಸು ಸೇರಿ 65 ಸಾವಿರ. ಒಟ್ಟು 2.75 ಲಕ್ಷ. ಊರಿನ ಸುತ್ತಾಟ, ತಿಂಗಳಿಗೊಮ್ಮೆ ಶಿವಮೊಗ್ಗ, ವರ್ಷಕ್ಕೆ ಎರಡು ಬಾರಿ ಬೆಂಗಳೂರು ಎಂದು 9,000 ಕಿಲೋಮೀಟರ್ ಓಡಿದರೆ, ಡೀಸೆಲ್ ಹಾಕುವ ಮುಂಚೆಯೇ ಕಿಲೋಮೀಟರಿಗೆ 30 ರೂಪಾಯಿ ದಾಟುತ್ತದೆ. ಅದೇ ವರ್ತಕ 6 ಲಕ್ಷದ ವಾಹನ ಕೊಂಡು ಐದು ವರ್ಷಗಳ ನಂತರ ಮೂರೂವರೆ ಲಕ್ಷಕ್ಕೆ ಮಾರಿದರೆ ಬಡ್ಡಿ 66 ಸಾವಿರ, ಇಳಿಕೆ 50 ಸಾವಿರ, ನಿರ್ವಹಣೆ 50 ಸಾವಿರ, ಒಟ್ಟು 1.66 ಲಕ್ಷ, ಕಿಲೋಮೀಟರಿಗೆ ಸುಮಾರು 18 ರೂಪಾಯಿ. ಎರಡರ ನಡುವಿನ ವ್ಯತ್ಯಾಸ ವರ್ಷಕ್ಕೆ 1.09 ಲಕ್ಷ.

ಇನ್ನು ಮೈಲೇಜಿನ ಲೆಕ್ಕ. ಡೀಸೆಲ್ ಲೀಟರಿಗೆ 90 ರೂಪಾಯಿ ಎಂದು ಹಿಡಿದರೆ, 12 ಕಿಲೋಮೀಟರ್ ಕೊಡುವ ವಾಹನಕ್ಕೂ 14 ಕೊಡುವ ವಾಹನಕ್ಕೂ 9,000 ಕಿಲೋಮೀಟರಿನಲ್ಲಿ ಬರುವ ಅಂತರ 107 ಲೀಟರ್. ಹತ್ತು ಸಾವಿರ ರೂಪಾಯಿಗೂ ಕಡಿಮೆ. ಗಂಟೆಗಟ್ಟಲೆ ಚರ್ಚೆಯಾಗುವುದು ಈ ಹತ್ತು ಸಾವಿರದ ಬಗ್ಗೆ. ಲಕ್ಷದ ಮಾತು ಬರುವುದೇ ಇಲ್ಲ. ವರ್ಷಕ್ಕೆ 25 ಸಾವಿರ ಕಿಲೋಮೀಟರ್ ಓಡುವವರ ಲೆಕ್ಕ ಬೇರೆ. ಅಂಥವರಿಗೆ ದುಬಾರಿ ವಾಹನವೂ ತನ್ನ ಖರ್ಚನ್ನು ಸಮರ್ಥಿಸಿಕೊಳ್ಳಬಲ್ಲದು.

ಓವರ್‌ಡ್ರಾಫ್ಟ್ ಹಣದಿಂದ ವಾಹನ ಕೊಳ್ಳುವುದರಲ್ಲಿ ಬಡ್ಡಿಗಿಂತ ದೊಡ್ಡ ಅಪಾಯ ಇನ್ನೊಂದಿದೆ. ಆ ಖಾತೆಯ ಮಿತಿ ನಿಂತಿರುವುದು ದಾಸ್ತಾನು ಮತ್ತು ಬರಬೇಕಾದ ಬಾಕಿಯ ಮೇಲೆ. ಮನೆಯ ಮುಂದೆ ನಿಂತ ಕಾರು ಬ್ಯಾಂಕಿನ ದೃಷ್ಟಿಯಲ್ಲಿ ದಾಸ್ತಾನಲ್ಲ. ರಾಶಿ ಅಡಿಕೆಯ ದರ ಇಳಿದು, ಕೊಂಡಿಡಲು ಸಕಾಲ ಬಂದಾಗ ಕೈ ಕಟ್ಟಿ ಕೂರಬೇಕಾದ ಪರಿಸ್ಥಿತಿ ಒದಗಬಹುದು. ಬಳಸಿದ ವಾಹನದ ಸಾಲಕ್ಕೆ ಬಡ್ಡಿ ಹೊಸ ವಾಹನದ ಸಾಲಕ್ಕಿಂತ ಸಾಮಾನ್ಯವಾಗಿ ಹೆಚ್ಚು. ಆದರೂ ಕಂತಿನ ಸಾಲವೇ ಇಲ್ಲಿ ಮೇಲು.

ಬೆಲೆ ಚೌಕಾಸಿ ಮಾಡುವಾಗ ಹಳೆಯದರ ಬೆಲೆಗಿಂತ ಮೊದಲು ಇಂದಿನ ಹೊಸದರ ಬೆಲೆಯನ್ನು ವಿಚಾರಿಸಬೇಕು. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ದರಗಳು ಬದಲಾಗಿವೆ. ನಾಲ್ಕು ಮೀಟರ್ ಮೀರದ, 1500 ಸಿ.ಸಿ. ಒಳಗಿನ ಡೀಸೆಲ್ ಕಾರುಗಳಿಗೆ ಮೊದಲು ಶೇ. 28 ತೆರಿಗೆ, ಶೇ. 3 ಸೆಸ್ ಇತ್ತು, ಈಗ ಶೇ. 18 ಮಾತ್ರ. ಬೊಲೆರೋ ಈ ವರ್ಗಕ್ಕೆ ಸೇರುತ್ತದೆ. ತೆರಿಗೆಗೆ ಮುಂಚಿನ ಬೆಲೆ 8 ಲಕ್ಷ ಎಂದು ಹಿಡಿದರೆ ಹಿಂದೆ 10.48 ಲಕ್ಷವಾಗುತ್ತಿದ್ದುದು ಈಗ 9.44 ಲಕ್ಷ. ದೊಡ್ಡ ಎಸ್‌ಯುವಿಗಳಿಗೆ ಶೇ. 28ರ ಜೊತೆಗೆ ಶೇ. 22ರವರೆಗೆ ಇದ್ದ ಸೆಸ್ ಹೋಗಿ ಶೇ. 40ರ ಒಂದೇ ದರ ಬಂದಿದೆ. ಹೊಸದರ ಬೆಲೆ ಒಂದು ಲಕ್ಷ ಇಳಿದಿರುವಾಗ ಎರಡು ವರ್ಷ ಹಳೆಯದಕ್ಕೆ ಮೊದಲಿನ ಬೆಲೆಯನ್ನೇ ಹೇಳುವ ಮಾರಾಟಗಾರರಿದ್ದಾರೆ. ಎರಡು ಮೂರು ವರ್ಷದ ಬೊಲೆರೋ ಕೊಳ್ಳುವ ಬದಲು ಹೊಸದನ್ನೇ ಕೊಳ್ಳುವುದು ಲಾಭಕರವಾಗುವ ಸಂದರ್ಭಗಳು ಈಗ ಕಡಿಮೆಯಿಲ್ಲ.

ವಾಹನಗಳ ಗುಣಾವಗುಣಕ್ಕೆ ಬಂದರೆ, ಈ ಮೂರು ತಾಲ್ಲೂಕುಗಳಿಗೆ ಬೊಲೆರೋ ಅನುಕೂಲವಾಗಿರುವುದು ಅದರ ಸರಳತೆಯಿಂದ. ಚಾಸಿ ಮೇಲಿನ ದೇಹ, ಹಿಂದಿನ ಚಕ್ರದ ಎಳೆತ, ಊರ ಮೆಕ್ಯಾನಿಕ್ಕಿಗೆ ಪರಿಚಿತವಾದ ಯಂತ್ರ. ಸಾಗರದಿಂದ ಶಿವಮೊಗ್ಗಕ್ಕೆ ಸುಮಾರು 70 ಕಿಲೋಮೀಟರ್, ತೀರ್ಥಹಳ್ಳಿಯಿಂದ ಸುಮಾರು 60. ಸಣ್ಣ ರಿಪೇರಿಗೂ ಕಂಪನಿಯ ವರ್ಕ್‌ಶಾಪಿಗೆ ಹೋಗಬೇಕಾದರೆ ಅಂಗಡಿಯ ಒಂದು ದಿನ ಹೋಯಿತೆಂದೇ ಅರ್ಥ. ಆದರೆ ಬೊಲೆರೋದ ಹಿಂಬದಿಯ ಅಡ್ಡ ಸೀಟುಗಳಲ್ಲಿ ವೃದ್ಧರನ್ನು ಕೂರಿಸಿ ಘಾಟಿ ಇಳಿಸುವುದು ಸಲ್ಲದು. ಅದನ್ನು ಏಳು ಸೀಟಿನ ಕುಟುಂಬ ವಾಹನ ಎಂದು ಕರೆಯುವುದು ಮಾರಾಟಗಾರನ ಮಾತು. ಐದು ಜನರ ಗಾಡಿ ಎಂದುಕೊಂಡರೆ ಸರಿ.

ಏಳು ಜನ ನಿಜವಾಗಿಯೂ ಕುಳಿತು ದೂರ ಹೋಗುವುದಿದ್ದರೆ ಇನ್ನೋವಾಕ್ಕೆ ಸಾಟಿಯಿಲ್ಲ. ಬಿಡದಿಯಲ್ಲಿ ತಯಾರಾಗುವ ಈ ವಾಹನ 2005ರಲ್ಲಿ ಬಂದದ್ದು, ಕ್ರಿಸ್ಟಾ 2016ರಲ್ಲಿ. ಮರುಮಾರಾಟದಲ್ಲಿ ಬೆಲೆ ಬೀಳದು ಎಂಬ ಅದರ ಖ್ಯಾತಿ ಮಾರುವವನಿಗೆ ವರ, ಕೊಳ್ಳುವವನಿಗೆ ಹೊರೆ. ಟ್ಯಾಕ್ಸಿಯಾಗಿ ಓಡಿ ನಂತರ ಬಿಳಿ ಬೋರ್ಡಿಗೆ ಬದಲಾದ ಇನ್ನೋವಾಗಳೂ ಮಾರುಕಟ್ಟೆಯಲ್ಲಿರುವುದರಿಂದ ನೋಂದಣಿಯ ಪೂರ್ವ ಇತಿಹಾಸ ಮತ್ತು ಸರ್ವಿಸ್ ದಾಖಲೆ ನೋಡದೆ ಮುಂಗಡ ಕೊಡಬಾರದು. ಮೀಟರಿನ ಅಂಕಿಯೊಂದನ್ನೇ ನಂಬುವ ಕಾಲ ಇದಲ್ಲ. ಸ್ಕಾರ್ಪಿಯೋ ಈ ಎರಡರ ನಡುವಿನದು. ಏರಿನಲ್ಲಿ ಬಲಿಷ್ಠ, ನಿರ್ವಹಣೆ ಸುಲಭ. ಹತ್ತು ವರ್ಷ ಮೀರಿದ ಎಕ್ಸ್‌ಯುವಿ 500ರಲ್ಲಿ ಸೌಕರ್ಯಗಳು ಹೆಚ್ಚು, ಜೊತೆಗೆ ಎಲೆಕ್ಟ್ರಾನಿಕ್ ಭಾಗಗಳೂ ಹೆಚ್ಚು. ವರ್ಷದಲ್ಲಿ ನಾಲ್ಕು ತಿಂಗಳು ತೇವದಲ್ಲಿ ನಿಲ್ಲುವ ಊರಿನಲ್ಲಿ ಅಗ್ಗದ ಬೆಲೆಗೆ ಮರುಳಾಗದಿರುವುದು ಲೇಸು. ಷೆವರ್ಲೆ ಕಾರುಗಳ ಮಾರಾಟ ಭಾರತದಲ್ಲಿ 2017ರ ಕೊನೆಗೆ ನಿಂತಿತು. ಇಲ್ಲಿ ತಯಾರಿಕೆ ನಿಲ್ಲಿಸುವುದಾಗಿ ಫೋರ್ಡ್ 2021ರಲ್ಲಿ ಘೋಷಿಸಿತು. ಟವೇರಾ, ಇಕೋಸ್ಪೋರ್ಟ್‌ಗಳು ಅಗ್ಗವಾಗಿ ಸಿಕ್ಕರೆ ಕಾರಣ ಇದೆಂದು ತಿಳಿದೇ ಕೊಳ್ಳಬೇಕು.

ಯಾವ ಕಂಪನಿ ಎಂಬುದಕ್ಕಿಂತ ಯಾವ ವರ್ಷದ ತಯಾರಿಕೆ ಎಂಬುದು ಹೆಚ್ಚು ಮುಖ್ಯ. 2019ರ ಏಪ್ರಿಲ್‌ನಿಂದ ಎಬಿಎಸ್ ಬ್ರೇಕು, ಜುಲೈನಿಂದ ಚಾಲಕನ ಏರ್‌ಬ್ಯಾಗು ಕಡ್ಡಾಯವಾದವು. ಮಳೆಯಲ್ಲಿ ಘಾಟಿ ಇಳಿಯುವವರಿಗೆ ಎಬಿಎಸ್ ಇಲ್ಲದ ವಾಹನ ಬೇಡವೇ ಬೇಡ. 2020ರ ಏಪ್ರಿಲ್ 1ರಿಂದ ಬಿಎಸ್-6 ಜಾರಿಗೆ ಬಂತು. ಆ ನಂತರದ ಡೀಸೆಲ್ ವಾಹನಗಳ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಅದು ತಾನಾಗಿ ಸ್ವಚ್ಛಗೊಳ್ಳಲು ಆಗಾಗ ಒಂದಷ್ಟು ದೂರ ನಿರಂತರ ವೇಗದಲ್ಲಿ ಓಡಬೇಕು. ಮನೆಯಿಂದ ಅಂಗಡಿಗೆ, ಅಂಗಡಿಯಿಂದ ಶಾಲೆಗೆ ಎರಡೆರಡು ಕಿಲೋಮೀಟರ್ ಮಾತ್ರ ಓಡಿದರೆ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಬದಲಾಯಿಸುವ ವೆಚ್ಚ ಸಣ್ಣದಲ್ಲ. ಆದ್ದರಿಂದ ಊರೊಳಗಿನ ಓಡಾಟವೇ ಹೆಚ್ಚಾಗಿರುವ ಕುಟುಂಬಕ್ಕೆ 2019ರ ಜುಲೈನಿಂದ 2020ರ ಮಾರ್ಚ್‌ವರೆಗಿನ ಬಿಎಸ್-4 ಡೀಸೆಲ್ ವಾಹನ, ಅದು ಒಳ್ಳೆಯ ಸ್ಥಿತಿಯಲ್ಲಿ ದೊರೆತರೆ, ಅತ್ಯಂತ ಹೊಂದಿಕೆಯಾಗುವ ಆಯ್ಕೆ. ಹದಿನೈದು ವರ್ಷದ ನೋಂದಣಿ ಅವಧಿಯೂ ಅದಕ್ಕೆ 2034–35ರವರೆಗೆ ಇರುತ್ತದೆ.

‘ಫರ್ಮ್ ಹೆಸರಿಗೆ ತೆಗೆದುಕೊಂಡರೆ ತೆರಿಗೆ ಉಳಿಯುತ್ತದೆ’ ಎಂಬ ನಂಬಿಕೆಯನ್ನೂ ಪರೀಕ್ಷಿಸುವುದು ಒಳ್ಳೆಯದು. ಹದಿಮೂರು ಸೀಟುಗಳವರೆಗಿನ ಪ್ರಯಾಣಿಕ ವಾಹನಕ್ಕೆ ಸಾಮಾನ್ಯ ವರ್ತಕನಿಗೆ ಜಿಎಸ್‌ಟಿ ಇನ್‌ಪುಟ್ ಕ್ರೆಡಿಟ್ ಇಲ್ಲ. ಅದರ ವಿಮೆ, ರಿಪೇರಿಗೂ ಇಲ್ಲ. ಆದಾಯ ತೆರಿಗೆಯಲ್ಲಿ ಹಳೆಯ ವಾಹನಕ್ಕೂ ಶೇ. 15ರ ಸವಕಳಿ ದೊರೆಯುವುದು ನಿಜ. ವರ್ಷದಲ್ಲಿ 180 ದಿನಕ್ಕಿಂತ ಕಡಿಮೆ ಬಳಸಿದ್ದರೆ ಅದರ ಅರ್ಧ, ಮನೆಯ ಬಳಕೆಯಿದ್ದರೆ ಆ ಪ್ರಮಾಣದಷ್ಟು ಕಡಿತ. ಆದರೆ ವಹಿವಾಟಿನ ಶೇ. 8 ಅಥವಾ 6ನ್ನು ಲಾಭವೆಂದು ಘೋಷಿಸುವ ಅಂದಾಜು ಯೋಜನೆಯಲ್ಲಿರುವ ಸಣ್ಣ ವರ್ತಕರಿಗೆ ಪ್ರತ್ಯೇಕ ಸವಕಳಿಯೇ ಇಲ್ಲ. ಕಮಿಷನ್ ಮೇಲೆ ನಡೆಯುವ ದಲಾಲಿ ಮಂಡಿಗಳಿಗೆ ಆ ಯೋಜನೆ ಅನ್ವಯಿಸದ ಕಾರಣ ಅವರು ಸವಕಳಿ ಪಡೆಯಬಹುದು. ಹೀಗಾಗಿ ಪಕ್ಕದ ಅಂಗಡಿಯವರ ಲೆಕ್ಕ ತನಗೂ ಸಲ್ಲುತ್ತದೆ ಎನ್ನುವಂತಿಲ್ಲ. ಸವಕಳಿ ಪಡೆಯುವವರು ಬೆಲೆಯನ್ನು ಬ್ಯಾಂಕಿನ ಮೂಲಕವೇ ಪಾವತಿಸತಕ್ಕದ್ದು. ಒಬ್ಬ ವ್ಯಕ್ತಿಗೆ ಒಂದು ದಿನದಲ್ಲಿ 10,000 ರೂಪಾಯಿ ಮೀರಿ ನಗದು ಕೊಟ್ಟರೆ ಆ ಮೊತ್ತ ಆಸ್ತಿಯ ಬೆಲೆಯಲ್ಲಿ ಸೇರದು. 2 ಲಕ್ಷ ಅಥವಾ ಹೆಚ್ಚು ನಗದು ಪಡೆದ ಮಾರಾಟಗಾರನಿಗಂತೂ ಅಷ್ಟೇ ಮೊತ್ತದ ದಂಡಕ್ಕೆ ಅವಕಾಶವಿದೆ.

ಕಾಗದಪತ್ರದ ವಿಷಯದಲ್ಲಿ ಪರಿಚಯ, ದಾಕ್ಷಿಣ್ಯ ಇವುಗಳಿಗೆ ಎಡೆಯಿರಬಾರದು. ರಾಜ್ಯದೊಳಗಿನ ಮಾರಾಟವಾದರೆ ಮಾರಿದವರು 14 ದಿನಗಳಲ್ಲಿ, ಕೊಂಡವರು 30 ದಿನಗಳಲ್ಲಿ ನೋಂದಣಿ ಕಚೇರಿಗೆ ತಿಳಿಸಬೇಕು. ವರ್ಗಾವಣೆಯಾಗುವವರೆಗೆ ಅಪಘಾತದ ಪರಿಹಾರಕ್ಕೆ ದಾಖಲೆಯಲ್ಲಿ ಹೆಸರಿರುವವನೇ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟಪಡಿಸಿದೆ. ಹೊರ ರಾಜ್ಯದ ವಾಹನ ಅಗ್ಗವೆಂದು ತರುವವರು ನಿರಾಕ್ಷೇಪಣಾ ಪತ್ರ, ಕರ್ನಾಟಕದ ಜೀವಾವಧಿ ತೆರಿಗೆ ಎರಡನ್ನೂ ಸೇರಿಸಿ ಬೆಲೆ ಕಟ್ಟಬೇಕು. ವಿಮೆಯಲ್ಲಿ ಮೂರನೆಯವರ ರಕ್ಷಣೆ ಹೊಸ ಮಾಲೀಕನಿಗೆ ವರ್ಗಾವಣೆಯಾದರೂ ಸ್ವಂತ ಹಾನಿಯ ರಕ್ಷಣೆ ತಾನಾಗಿ ಬರದು. ಹಿಂದಿನವರ ನೋ ಕ್ಲೇಮ್ ಬೋನಸ್ ಅವರೊಂದಿಗೇ ಹೋಗುತ್ತದೆ.

ನಮ್ಮ ಭಾಗದಲ್ಲಿ ಬಹಳ ಸಾಮಾನ್ಯವಾದ ಇನ್ನೊಂದು ರೂಢಿಯಿದೆ. ಹಿಂದಿನ ಸೀಟು ಮಡಚಿ ನಾಲ್ಕು ಚೀಲ ಅಡಿಕೆಯನ್ನೋ ಗೊಬ್ಬರವನ್ನೋ ತುಂಬುವುದು. ಖಾಸಗಿ ಕಾರಿನ ವಿಮಾ ಪಾಲಿಸಿಯ ಬಳಕೆಯ ನಿಬಂಧನೆಯಲ್ಲಿ ಮಾದರಿ ಸರಕು ಹಾಗೂ ಸ್ವಂತ ಲಗೇಜು ಬಿಟ್ಟು ಬೇರೆ ಸರಕಿನ ಸಾಗಣೆಗೆ ರಕ್ಷಣೆಯಿಲ್ಲ. ಘಾಟಿಯಲ್ಲಿ ಅಪಘಾತವಾದ ದಿನ ವಿಮಾ ಸಮೀಕ್ಷಕ ಮೊದಲು ಬರೆದುಕೊಳ್ಳುವುದು ಆ ಚೀಲಗಳನ್ನೇ. ಸರಕಿಗೆ ಸರಕಿನ ಗಾಡಿಯೇ ಇರಲಿ.

ಕೊನೆಯದಾಗಿ, ಮನೆಯಲ್ಲಿರುವ ಹಳೆಯದನ್ನು ಮಾರುವ ವಿಚಾರ. ನೋಂದಾಯಿತ ವರ್ತಕನು ವ್ಯವಹಾರದ ಆಸ್ತಿಯಾಗಿದ್ದ ವಾಹನವನ್ನು ಮಾರಿದಾಗ, ಮಾರಾಟ ಬೆಲೆಯಲ್ಲಿ ಸವಕಳಿ ಕಳೆದ ಮೌಲ್ಯವನ್ನು ತೆಗೆದು ಉಳಿದುದರ ಮೇಲೆ ಜಿಎಸ್‌ಟಿ ಕಟ್ಟಬೇಕು. 2025ರ ಜನವರಿಯಿಂದ ಎಲ್ಲ ಬಳಸಿದ ಕಾರುಗಳಿಗೂ ಈ ದರ ಶೇ. 18. 15 ಲಕ್ಷಕ್ಕೆ ಕೊಂಡು ಐದು ವರ್ಷ ಪೂರ್ಣ ಸವಕಳಿ ಪಡೆದ ವಾಹನದ ಮೌಲ್ಯ ಪುಸ್ತಕದಲ್ಲಿ ಸುಮಾರು 6.66 ಲಕ್ಷ, 8 ಲಕ್ಷಕ್ಕೆ ಮಾರಿದರೆ ತೆರಿಗೆ ಸುಮಾರು 24,200 ರೂಪಾಯಿ. ಪುಸ್ತಕದ ಮೌಲ್ಯಕ್ಕಿಂತ ಕಡಿಮೆಗೆ ಮಾರಿದರೆ ತೆರಿಗೆಯಿಲ್ಲ. ಹೊಸಬನಿಗೆ ಬೆಲೆ ಒಪ್ಪಿಸುವ ಮುನ್ನವೇ ಈ ಮೊತ್ತವನ್ನು ಲೆಕ್ಕಕ್ಕೆ ತೆಗೆದುಕೊಂಡರೆ, ವಿವರಪಟ್ಟಿ ಸಲ್ಲಿಸುವ ತಿಂಗಳಲ್ಲಿ ಕೈಯಿಂದ ಕಟ್ಟಬೇಕಾಗದು.