ಹೀಟರಿನ ಟಕ್ ಟಕ್ ಸದ್ದು



ನಮ್ಮ ಗಡಿನಾಡಿನ ಮಕ್ಕಳು ದುಡಿಮೆಗಾಗಿ ಮೊದಲು ಮುಂಬಯಿಗೆ ಹೋದರು, ಅನಂತರ ಕೊಲ್ಲಿ ರಾಷ್ಟ್ರಗಳಿಗೆ ಹೋದರು. ಈಗ ಮಗಳೋ ಮಗನೋ ಕೆನಡಾದಲ್ಲಿದ್ದಾರೆ ಎನ್ನುವ ಮನೆಗಳೂ ನಮ್ಮ ಧರ್ಮಕೇಂದ್ರಗಳಲ್ಲಿವೆ. ಬಾಣಂತನಕ್ಕೆಂದು ಇಲ್ಲಿಂದ ಅಮ್ಮಂದಿರು ಹೊರಡುತ್ತಾರೆ. ಸ್ವೆಟರು, ಕಾಲುಚೀಲ ಎಲ್ಲವನ್ನೂ ನೆನಪಿನಿಂದ ಕಟ್ಟಿಕೊಳ್ಳುತ್ತಾರೆ. ಅಲ್ಲಿನ ಮನೆಯನ್ನು ಬೆಚ್ಚಗಿಡುವ ಹೀಟರಿನ ಬಗ್ಗೆ ಮಾತ್ರ ಅವರಿಗೆ ಯಾರೂ ಹೇಳಿಕೊಡುವುದಿಲ್ಲ. ಈ ಸಲ ಅದರ ಕುರಿತೇ ನಾಲ್ಕು ಮಾತು ಬರೆಯುತ್ತೇವೆ.

ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ ಜಲವಿದ್ಯುತ್ ಹೇರಳ. ಅಲ್ಲಿ ಬಹಳಷ್ಟು ಮನೆಗಳನ್ನು ಕರೆಂಟಿನಿಂದಲೇ ಬೆಚ್ಚಗಿಡುತ್ತಾರೆ. ಗೋಡೆಯ ಬುಡದಲ್ಲಿ, ಹೆಚ್ಚಾಗಿ ಕಿಟಕಿಯ ಕೆಳಗೆ, ತಗಡಿನ ಉದ್ದ ಪೆಟ್ಟಿಗೆಯಂತೆ ಕೂತಿರುವುದೇ ಬೇಸ್‌ಬೋರ್ಡ್ ಹೀಟರ್. ಒಳಗೊಂದು ಲೋಹದ ಕೊಳವೆ, ಅದರೊಳಗೆ ಬಿಸಿಯಾಗುವ ತಂತಿ, ಕೊಳವೆಯ ಮೇಲೆ ಸಾಲಾಗಿ ತೆಳುವಾದ ಅಲ್ಯೂಮಿನಿಯಂ ಹಾಳೆಗಳು. ತಣ್ಣನೆಯ ಗಾಳಿ ಕೆಳಗಿನಿಂದ ಒಳಹೊಕ್ಕು ಬಿಸಿಯಾಗಿ ಮೇಲೇರುತ್ತದೆ. ಫ್ಯಾನ್ ಇಲ್ಲ, ಮೋಟರ್ ಇಲ್ಲ. ಆದರೂ ಮನೆಯೆಲ್ಲ ಮಲಗಿದ ಮೇಲೆ ‘ಟಕ್... ಟಕ್...’ ಎಂಬ ಸದ್ದು ಶುರುವಾಗುತ್ತದೆ.

ಈ ಸದ್ದು ನಮಗೆ ಹೊಸದೇನಲ್ಲ. ಅಂಗಳಕ್ಕೆ ಹಾಕಿದ ತಗಡಿನ ಶೀಟು ಬಿಸಿಲೇರುವಾಗಲೂ ಸಂಜೆ ತಣಿಯುವಾಗಲೂ ಹೀಗೆಯೇ ಸದ್ದು ಮಾಡುತ್ತದೆಯಲ್ಲವೇ? ಕಾರಣ ಒಂದೇ. ಲೋಹ ಬಿಸಿಯಾದಾಗ ಉದ್ದವಾಗುತ್ತದೆ, ತಣಿದಾಗ ಕುಗ್ಗುತ್ತದೆ. 2 ಮೀಟರ್ ಉದ್ದದ ಉಕ್ಕಿನ ಕೊಳವೆಯ ಬಿಸಿ 150 ಡಿಗ್ರಿ ಸೆಲ್ಸಿಯಸ್‌ನಷ್ಟು ಏರಿದರೆ ಅದು ಸುಮಾರು ಮೂರೂವರೆ ಮಿಲಿಮೀಟರ್ ಬೆಳೆಯುತ್ತದೆ. ಹೊರಗಿನ ತಗಡು ಅಷ್ಟು ಬಿಸಿಯಾಗುವುದಿಲ್ಲ, ಅಷ್ಟು ಬೆಳೆಯುವುದೂ ಇಲ್ಲ. ಕೊಳವೆಗೆ ಸರಾಗವಾಗಿ ಸರಿಯಲು ಜಾಗವಿದ್ದರೆ ಸದ್ದಿಲ್ಲ. ಎಲ್ಲಿಯಾದರೂ ಸಿಕ್ಕಿಕೊಂಡರೆ ಬಿಗಿ ಹೆಚ್ಚುತ್ತಾ ಹೋಗಿ ಒಮ್ಮೆಲೇ ಜಾರುತ್ತದೆ. ‘ಟಕ್’ ಎನ್ನುವುದು ಆಗ.

ಸದ್ದಿನಿಂದ ಅಪಾಯವಿಲ್ಲ. ಅದನ್ನು ಅಡಗಿಸಲು ಹೋಗಿ ಮಾಡುವ ಕೆಲಸದಲ್ಲಿ ಅಪಾಯವಿದೆ. ಹೀಟರಿನ ಮೇಲೆ ಟವೆಲ್, ಕಂಬಳಿ ಹೊದೆಸಬೇಡಿ. ಬೆಚ್ಚಗಿದೆಯೆಂದು ಮಗುವಿನ ಒದ್ದೆ ಬಟ್ಟೆಗಳನ್ನು ಅದರ ಮೇಲೆ ಹರಡಬೇಡಿ. ಬಿಸಿಗೆ ಹೊರಹೋಗುವ ದಾರಿ ಮುಚ್ಚಿದರೆ ಬಟ್ಟೆ ಹೊತ್ತಿಕೊಳ್ಳಬಹುದು. ಇನ್ನು ಕೆಲವರು ರಾತ್ರಿ ಹೀಟರನ್ನೇ ಆರಿಸಿ ಮಲಗುತ್ತಾರೆ. ಹೊರಗೆ ಮೈನಸ್ 20 ಡಿಗ್ರಿ ಇರುವಾಗ ಹಸುಗೂಸು ಮಲಗುವ ಕೋಣೆಗೆ ಇದು ತರವಲ್ಲ.

ಮಾಡಬಹುದಾದದ್ದು ಇಷ್ಟು:

1. ಮೊದಲು ಮೇನ್ ಪೆಟ್ಟಿಗೆಯಲ್ಲಿ ಆ ಹೀಟರಿನ ಬ್ರೇಕರ್ ಆರಿಸಿ. ಗೋಡೆಯ ಥರ್ಮೋಸ್ಟ್ಯಾಟ್ ತಿರುಗಿಸಿದರೆ ಸಾಲದು. ಹೀಟರು ಪೂರ್ತಿ ತಣಿಯಲಿ.

2. ಮುಂದಿನ ಮುಚ್ಚಳ ತೆಗೆದು, ವ್ಯಾಕ್ಯೂಮ್ ಕ್ಲೀನರಿನಿಂದ ಧೂಳು, ಕೂದಲು ತೆಗೆಯಿರಿ. ಚಳಿಗಾಲದ ಆರಂಭದಲ್ಲಿ ಬರುವ ಸುಟ್ಟ ವಾಸನೆ ಹೆಚ್ಚಾಗಿ ಈ ಧೂಳಿನದ್ದೇ.

3. ಬಾಗಿದ ಅಲ್ಯೂಮಿನಿಯಂ ಹಾಳೆಗಳು ತಗಡಿಗೆ ತಾಗುತ್ತಿದ್ದರೆ ಮೆಲ್ಲನೆ ನೇರ ಮಾಡಿ. ಅಂಚು ಹರಿತ, ಕೈಗವಸು ಇರಲಿ.

4. ಹೀಟರನ್ನು ಗೋಡೆಗೆ ಕೂರಿಸಿದ ಸ್ಕ್ರೂಗಳನ್ನು ಅತಿಯಾಗಿ ಬಿಗಿದಿದ್ದರೆ ಕಾಲು ಸುತ್ತು ಸಡಿಲಿಸಿ. ಅಲುಗಾಡುವಷ್ಟು ಬೇಡ, ಲೋಹ ಉಸಿರಾಡುವಷ್ಟು ಸಾಕು. ಎಣ್ಣೆ ಮಾತ್ರ ಹಾಕಬೇಡಿ, ಬಿಸಿಗೆ ಹೊಗೆಯಾಡುತ್ತದೆ.

5. ಹಳೆಯ ಮಾದರಿಯ ಥರ್ಮೋಸ್ಟ್ಯಾಟ್ ಕೋಣೆ ಸಾಕಷ್ಟು ತಣಿದ ಮೇಲೆ ಹೀಟರನ್ನು ಹಚ್ಚಿ, ಚೆನ್ನಾಗಿ ಬಿಸಿಯಾದ ಮೇಲೆ ಆರಿಸುತ್ತದೆ. ಏರಿಳಿತ ದೊಡ್ಡದಾದಷ್ಟೂ ಸದ್ದು ಹೆಚ್ಚು. ಎಲೆಕ್ಟ್ರಾನಿಕ್ ಥರ್ಮೋಸ್ಟ್ಯಾಟ್ ಹಾಕಿಸಿದರೆ ಬಿಸಿ ಒಂದೇ ಹದದಲ್ಲಿರುತ್ತದೆ, ಸದ್ದೂ ಇಳಿಯುತ್ತದೆ. ಇದು ಎಲೆಕ್ಟ್ರಿಷಿಯನ್ನರ ಕೆಲಸ. ಅಲ್ಲಿನ ಹೀಟರುಗಳು ಸಾಮಾನ್ಯವಾಗಿ 240 ವೋಲ್ಟಿನವು.

‘ಟಕ್ ಟಕ್’ ಬಿಟ್ಟು ‘ಚಟಚಟ’ ಸದ್ದು ಕೇಳಿದರೆ, ಪ್ಲಾಸ್ಟಿಕ್ ಸುಟ್ಟ ವಾಸನೆ ಬಂದರೆ, ಗೋಡೆಯಲ್ಲಿ ಕಪ್ಪು ಕಲೆ ಕಂಡರೆ ಬ್ರೇಕರ್ ಆರಿಸಿ ಎಲೆಕ್ಟ್ರಿಷಿಯನ್ನರನ್ನು ಕರೆಯಿರಿ. ವಯರಿನ ಜೋಡಣೆ ಸಡಿಲವಾಗಿರಬಹುದು.

ಇಷ್ಟೆಲ್ಲ ಮಾಡಲು ಯಾರಾದರೂ ಬಾಯಿ ಬಿಟ್ಟು ಹೇಳಬೇಕಲ್ಲ? ನಮ್ಮ ಅಮ್ಮಂದಿರ ಕಷ್ಟ ಇರುವುದು ಅಲ್ಲಿಯೇ. ‘ಅಳಿಯನಲ್ಲಿ ಹೇಗೆ ಹೇಳುವುದು, ಅವನಿಗೆ ಬೆಳಿಗ್ಗೆ ಕೆಲಸಕ್ಕೆ ಹೋಗಲಿಕ್ಕಿದೆ’ ಎಂದು ರಾತ್ರಿಯಿಡೀ ಎಚ್ಚರವಾಗಿದ್ದು ಜಪಸರ ಹಿಡಿದು ಕೂರುತ್ತಾರೆ. ಜಪಸರ ಒಳ್ಳೆಯದೇ. ಆದರೆ ನಿದ್ದೆ ಕೆಟ್ಟು ಕೆಟ್ಟು ಒಂದು ದಿನ ಸಣ್ಣ ಮಾತಿಗೆ ಸಿಡಿದು ಬೀಳುತ್ತಾರೆ. ‘ಅಮ್ಮನಿಗೆ ಏನಾಯಿತು?’ ಎಂದು ಮನೆಯವರಿಗೆ ಅರ್ಥವಾಗುವುದಿಲ್ಲ.

ಹೊಸ ಮಗು, ಹೊಸ ದೇಶ, ನಾಲ್ಕು ಗೋಡೆಯೊಳಗಿನ ಚಳಿಗಾಲ: ಅಂಥ ಮನೆಯಲ್ಲಿ ಎಲ್ಲರ ಮೇಲೂ ಬಿಸಿ ಏರಿರುತ್ತದೆ. ಬಾಣಂತಿಗೆ ಎಣ್ಣೆ ಸ್ನಾನ ಹೀಗೇ ಆಗಬೇಕು ಎಂದು ಅಮ್ಮ ಬಿಗಿ ಹಿಡಿಯುತ್ತಾರೆ; ಡಾಕ್ಟರು ಹೇಳಿದ್ದು ಬೇರೆ ಎಂದು ಮಗಳು ಬಿಗಿ ಹಿಡಿಯುತ್ತಾಳೆ. ಇಬ್ಬರಲ್ಲಿರುವುದೂ ಪ್ರೀತಿಯೇ. ಆ ಸ್ಕ್ರೂವಿನಂತೆ ಇಲ್ಲಿಯೂ ಕಾಲು ಸುತ್ತು ಸಡಿಲಿಸಿದರೆ ಸಾಕು.

ಹೊರಡುವ ಅಮ್ಮಂದಿರೇ, ಸದ್ದಾದರೆ ಬೆಳಿಗ್ಗೆಯೇ ಹೇಳಿಬಿಡಿ. ಕರೆಸಿಕೊಂಡ ಮಕ್ಕಳೇ, ‘ರಾತ್ರಿ ನಿದ್ದೆ ಬಂತಾ ಅಮ್ಮ?’ ಎಂದು ನೀವೇ ಮೊದಲು ಕೇಳಿ. ಹಾಸಿಗೆ, ಪರದೆ, ಮಗುವಿನ ತೊಟ್ಟಿಲು ಹೀಟರಿನಿಂದ ದೂರವಿರಲಿ. ದೂರದ ಮನೆಗಳಲ್ಲಿರುವ ನಮ್ಮವರೆಲ್ಲರನ್ನೂ ಪವಿತ್ರ ಕುಟುಂಬದ ಆಶ್ರಯಕ್ಕೆ ಒಪ್ಪಿಸುತ್ತೇವೆ.