ಬೋರ್ಡಲ್ಲಿ ಕನ್ನಡ ಬಂತು, ಗೂಗಲ್‌ನಲ್ಲಿ ಯಾಕೆ ಬರ್ತಿಲ್ಲ?

ಜಯನಗರ: ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಲೇಬೇಕು ಎಂದು ಬಿಬಿಎಂಪಿ 2024ರ ಫೆಬ್ರವರಿ 28ರ ಗಡುವು ಕೊಟ್ಟಾಗ ನಗರದ ಅಂಗಡಿಗಳವರು ಬೋರ್ಡ್ ಬದಲಿಸಲು ಓಡಾಡಿದರು. ಆದರೆ ಈಗ ಎಷ್ಟೋ ಗಿರಾಕಿಗಳು ಬೋರ್ಡಿಗಿಂತ ಮೊದಲು ಮೊಬೈಲ್ ನೋಡ್ತಾರೆ. ಜಯನಗರ, ಜೆಪಿ ನಗರ, ಬನಶಂಕರಿಯ ಅಂಗಡಿಯವರು ದುಡ್ಡು ಕೊಟ್ಟು ವೆಬ್‌ಸೈಟಿಗೆ ಕನ್ನಡ ಪುಟ ಮಾಡಿಸಿದರೂ, ಫೋನನ್ನು ಕನ್ನಡದಲ್ಲೇ ಇಟ್ಟುಕೊಂಡಿರುವ ಗಿರಾಕಿಗೆ ಇಂಗ್ಲಿಷ್ ಪುಟವೇ ತೆರೆದುಕೊಂಡರೆ ಖರ್ಚು ದಂಡ.

ಹೀಗಾಗಲು ಒಂದು ಮುಖ್ಯ ಕಾರಣ, ಎರಡೂ ಪುಟ ಒಂದೇ ವಿಷಯದ ಎರಡು ಭಾಷೆಯ ರೂಪ ಅಂತ ಗೂಗಲ್‌ಗೆ ಯಾರೂ ಹೇಳಿರಲ್ಲ. ಅದನ್ನು ಹೇಳೋಕೆ ‘ಹೆಚ್‌ರೆಫ್‌ಲ್ಯಾಂಗ್’ ಎಂಬ ಗುರುತನ್ನು ಗೂಗಲ್ 2011ರಲ್ಲೇ ತಂದಿದೆ. ಪುಟದ ಕೋಡ್‌ನಲ್ಲಿ ಒಂದೆರಡು ಸಾಲು ಸೇರಿಸಿದರೆ ಸಾಕು.

ಎಡವೋದು ಇಲ್ಲೇ. ಗಾಡಿ ನಂಬರ್‌ ಪ್ಲೇಟಿನ ಅಭ್ಯಾಸದಲ್ಲಿ ‘ಕೆಎ’ ಅಂತ ಹಾಕಿದರೆ ಕೆಲಸ ಕೆಟ್ಟಿತು. ಭಾಷೆಗಳ ಪಟ್ಟಿಯಲ್ಲಿ ‘ಕೆಎ’ ಅಂದರೆ ಜಾರ್ಜಿಯಾ ದೇಶದ ಜಾರ್ಜಿಯನ್ ಭಾಷೆ. ಕನ್ನಡದ ಗುರುತು ‘ಕೆಎನ್’. ಜೊತೆಗೆ ಇಂಗ್ಲಿಷ್ ಪುಟ ಕನ್ನಡ ಪುಟವನ್ನು ತೋರಿಸಬೇಕು, ಕನ್ನಡ ಪುಟವೂ ಇಂಗ್ಲಿಷ್ ಪುಟವನ್ನು ತೋರಿಸಬೇಕು. ಒಂದೇ ಕಡೆ ಹಾಕಿದರೆ ಗೂಗಲ್ ಅದನ್ನು ಲೆಕ್ಕಕ್ಕೆ ತಗೊಳಲ್ಲ.

ಇನ್ನೊಂದು ಮಾತು: ಭಾಷೆ ಯಾವುದು ಅಂತ ಗೂಗಲ್ ತಿಳಿಯೋದು ಪುಟದಲ್ಲಿರುವ ಅಕ್ಷರ ಓದಿ. ಹಳೇ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ್ದನ್ನು ಯೂನಿಕೋಡ್‌ಗೆ ಬದಲಿಸದೆ ಅಂಟಿಸಿದರೆ ಅದಕ್ಕೆ ಕಾಣೋದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ. ದರಪಟ್ಟಿಯನ್ನು ಬರೀ ಫೋಟೊ ಮಾಡಿ ಹಾಕಿದರೂ ಅಷ್ಟೇ, ಪುಟದಲ್ಲಿ ಕನ್ನಡ ಅಕ್ಷರ ಇದ್ದಂತಾಗಲ್ಲ. ಬಟನ್ ಒತ್ತಿದಾಗ ಮಾತ್ರ ಅನುವಾದ ಆಗುವ ಸೈಟಿಗೂ ಲಾಭ ಕಡಿಮೆ. ಕನ್ನಡ ಪುಟಕ್ಕೆ ಅದರದ್ದೇ ಲಿಂಕ್ ಇರಬೇಕು.

ಹಾಗಂತ ಈ ಗುರುತು ಹಾಕಿದ ಕೂಡಲೇ ಅಂಗಡಿ ಹುಡುಕಾಟದಲ್ಲಿ ಮೊದಲ ಸ್ಥಾನಕ್ಕೆ ಬರಲ್ಲ. ಸಿಕ್ಕ ಸ್ಥಾನದಲ್ಲಿ ಸರಿಯಾದ ಭಾಷೆಯ ಪುಟ ತೋರಿಸೋಕೆ ನೆರವಾಗುತ್ತೆ, ಅಷ್ಟೇ. ಆದರೆ ಇಂಗ್ಲಿಷ್ ಓದೋಕೆ ಬಾರದ ಗಿರಾಕಿಗೆ ಆ ‘ಅಷ್ಟೇ’ ದೊಡ್ಡದು. ಅವರು ಹಿಂದಕ್ಕೆ ಒತ್ತಿ ಪಕ್ಕದ ಅಂಗಡಿಗೆ ಹೋಗಿಬಿಡ್ತಾರೆ.

ಹಾಗಾಗಿ ವೆಬ್‌ಸೈಟ್ ಮಾಡಿಕೊಟ್ಟವರಿಗೆ ಬಾಕಿ ಚುಕ್ತಾ ಮಾಡುವ ಮುಂಚೆ ಮೂರು ಪ್ರಶ್ನೆ ಕೇಳಿ: ಕನ್ನಡ ಪುಟಕ್ಕೆ ಬೇರೆ ಲಿಂಕ್ ಇದೆಯಾ? ‘ಕೆಎನ್’ ಅಂತ ಹಾಕಿದೀರಾ? ಎರಡೂ ಪುಟ ಒಂದನ್ನೊಂದು ತೋರಿಸ್ತಿವೆಯಾ?